ಮುರಕಲ್ಲಿನ ಮನೆಗೆ ಒಂದು ಖಾಲಿ ಪೈಪು

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರುವ ಮನೆ ಕಟ್ಟುವವರ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಇನ್ನೊಂದು ಮನೆ ಕಟ್ಟುವ ಯೋಗ ನನಗಿಲ್ಲ, ಆದರೂ ಓದುತ್ತೇನೆ. ದೇವರಕೋಣೆ ಯಾವ ಮೂಲೆಗೆ, ಅಡುಗೆಮನೆಯ ಕಲ್ಲು ಕಪ್ಪೋ ಬಿಳಿಯೋ, ಟೈಲ್ಸಿನ ಸಂದಿಗೆ ಯಾವ ಬಣ್ಣ, ಎಲ್ಲ ಬಂದಿದೆ. ಗೋಡೆಗೆ ಸಾರಣೆ ಮಾಡುವ ಮೊದಲು ಒಳಗೊಂದು ಖಾಲಿ ಪೈಪು ಹಾಕಿಡಿ ಎಂಬ ಒಂದು ಸಾಲು ಮಾತ್ರ ಈ ತನಕ ಬಂದದ್ದು ನಾನು ಕಾಣೆ. ಆ ಪೈಪು ಇಲ್ಲದೆ ಈ ಮೇ ತಿಂಗಳಿಂದ ಆಗಸ್ಟ್ ತನಕ ನಾನು ಪಟ್ಟ ಪಾಡನ್ನು ಬರೆಯುತ್ತಿದ್ದೇನೆ. ಉದ್ದವಾಯಿತೆಂದು ಕಂಡರೆ ನಡುವೆ ಎಲ್ಲಿ ಬೇಕಾದರೂ ಕತ್ತರಿಸಿ, ಪೈಪಿನ ಸಂಗತಿ ಮಾತ್ರ ಬಿಡಬೇಡಿ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಇರುವವ. 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಿದ್ದೇನೆ. ಮನೆ ಮುರಕಲ್ಲಿನದ್ದು, ಅಂದರೆ ನಮ್ಮ ಕಡೆ ನೆಲದಿಂದ ಕಡಿದು ತೆಗೆಯುವ ಕೆಂಪು ಕಲ್ಲಿನದ್ದು. ಹಳೆಯ ಭಾಗ ಅಪ್ಪ ಕಟ್ಟಿಸಿದ್ದು. ಮಗನ ಮದುವೆಗೆ ಮೊದಲು, 2011ರಲ್ಲಿ, ಪಡುಬದಿಗೆ ಎರಡು ಕೋಣೆ ಸೇರಿಸಿದೆವು. ಹೊರಗೋಡೆಗೆ ಸಾರಣೆ ಮಾಡಲಿಲ್ಲ. ಕಲ್ಲು ಕಾಣಬೇಕು, ಚಂದ ಎಂದು ಆಗ ಹಠ ಹಿಡಿದದ್ದು ನಾನೇ. ಕಾಗದದಲ್ಲಿ ಬರೆದು ನೋಡಿದರೆ ಮನೆ ಮಡಚಿದ ಮೊಣಕೈಯ ಹಾಗೆ ಉಂಟು. ಇಂಟರ್ನೆಟ್ಟಿನ ಫೈಬರ್ ಬಂದು ಇಳಿಯುವುದು ಚಾವಡಿಯಲ್ಲಿ. ಸೊಸೆಯ ಆಫೀಸು ಆ ಕೈಯ ಇನ್ನೊಂದು ತುದಿಯ ಕೋಣೆಯಲ್ಲಿ. ಕಂಪೆನಿ ಬೆಂಗಳೂರಿನದ್ದು, ಕೆಲಸ ಇಲ್ಲಿಂದ.

ಫೆಬ್ರವರಿಯಲ್ಲಿ ಮಗ ಮೆಶ್ ವೈ-ಫೈಯ ಮೂರು ಡಬ್ಬಿಗಳ ಸೆಟ್ ತಂದ. ಗೊತ್ತಿಲ್ಲದವರಿಗೆ ಎರಡು ಮಾತು. ಮೆಶ್ ಎಂದರೆ ಬಲೆ, ನೋಡ್ ಎಂದರೆ ಅದರ ಗಂಟು. ಒಂದು ಡಬ್ಬಿ ಫೈಬರಿನ ಪೆಟ್ಟಿಗೆಗೆ ವಯರಿನಲ್ಲಿ ಸೇರಿರುತ್ತದೆ. ಉಳಿದವಕ್ಕೆ ಕರೆಂಟಿನ ಪ್ಲಗ್ ಒಂದೇ. ನೆಟ್ಟನ್ನು ಅವು ಗಾಳಿಯಲ್ಲೇ ಮೊದಲ ಡಬ್ಬಿಯಿಂದ ತೆಗೆದುಕೊಂಡು ತಮ್ಮ ಸುತ್ತಲಿನ ಫೋನು, ಲ್ಯಾಪ್‌ಟಾಪಿಗೆ ದಾಟಿಸುತ್ತವೆ. ಊಟದ ಪಂಕ್ತಿಯಲ್ಲಿ ಬಡಿಸುವವರ ಕೈಯಿಂದ ಕೈಗೆ ಪಾತ್ರೆ ಹೋದ ಹಾಗೆ. ನಡುವಿನ ಕೈ ತಪ್ಪಿದರೆ ಕೊನೆಯ ಎಲೆಗೆ ಪಾಯಸ ಇಲ್ಲ. ಮೊಮ್ಮಗ ಚಾವಡಿಯದ್ದಕ್ಕೆ ಅಮ್ಮ ಡಬ್ಬಿ, ಉಳಿದೆರಡಕ್ಕೆ ಮರಿ ಡಬ್ಬಿ ಎಂದು ಹೆಸರಿಟ್ಟ. ಒಂದು ಮರಿ ಊಟದ ಕೋಣೆಯಲ್ಲಿ, ಇನ್ನೊಂದು ಸೊಸೆಯ ಕೋಣೆಯಲ್ಲಿ. ತಂದ ಪೆಟ್ಟಿಗೆಯ ಮೇಲೆ ಇಷ್ಟು ಸಾವಿರ ಚದರಡಿಗೆ ಸಾಕು ಎಂದು ಬರೆದಿತ್ತು. ಎಂಥ ಗೋಡೆಯ ಮನೆಗೆ ಎಂದು ಬರೆದಿರಲಿಲ್ಲ.

ಬೇಸಗೆ ಇಡೀ ಒಂದು ದೂರೂ ಇಲ್ಲ. ಮೇ 14ರ ಸಂಜೆ ಮೂಡಲ್ಲಿ ಕಪ್ಪು ಕಟ್ಟಿ ಗುಡುಗು ಶುರುವಾಯಿತು. ಮೊದಲ ಗುಡುಗಿಗೇ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು ನಮ್ಮೂರಿನ ರೂಢಿ. ಟಿವಿ, ಫ್ರಿಜ್ಜು, ಡಬ್ಬಿಗಳು, ಎಲ್ಲವನ್ನೂ ಕಿತ್ತೆ. ಮರುದಿನ ಬೆಳಿಗ್ಗೆ ಒಂದೊಂದಾಗಿ ಪುನಃ ಸಿಕ್ಕಿಸಿದೆ. ಅಂದು ಹತ್ತೂವರೆಗೆ ಸೊಸೆ ಕೋಣೆಯಿಂದ ಹೊರಗೆ ಬಂದು "ಮಾವ, ನೆಟ್ ಹೋಯ್ತು" ಎಂದಳು. ನಾನು ಹೋಗಿ ನೋಡುವಾಗ ಡಬ್ಬಿಯ ದೀಪ ಹಳದಿಯಾಗಿ ಮಿಣುಕುತ್ತಿತ್ತು. ಎರಡು ನಿಮಿಷದಲ್ಲಿ ಬಿಳಿಯಾಯಿತು. ನೆಟ್ ಬಂತು. ಸಂಜೆ ನಾಲ್ಕಕ್ಕೆ ಪುನಃ ಹೋಯಿತು. ಆಮೇಲೆ ದಿನಾ ಇದೇ ಕಥೆ.

ಫೈಬರಿನ ಹುಡುಗ ಬಂದ. ತಂದ ಮೀಟರನ್ನು ಚಾವಡಿಯ ತಂತಿಗೆ ಸಿಕ್ಕಿಸಿ ಬೆಳಕು ಸರಿಯಾಗಿ ಬರುತ್ತಿದೆ ಎಂದು ತೋರಿಸಿದ. ಸೊಸೆಯ ಕೋಣೆಗೆ ಬಂದು ಫೋನು ಎತ್ತಿ ಹಿಡಿದು, "ರೇಂಜ್ ಇಲ್ಲ ಮಾಷೆ" ಎಂದ. ಕನ್ನಡದಲ್ಲಿ ಹೇಳಿದನೋ ಮಲಯಾಳದಲ್ಲಿ ಹೇಳಿದನೋ ತಿಳಿಯಲಿಲ್ಲ. ಎರಡರಲ್ಲೂ ಅದು ಅದೇ ಮಾತು. ಏಳು ಭಾಷೆಯ ನಾಡು ಎಂದು ಹೇಳಿಕೊಳ್ಳುವ ನಮಗೆ ಎಂಟನೆಯದಾಗಿ ಈ ದೀಪದ ಭಾಷೆ ಬಂದು ಸೇರಿದೆ, ಅದಕ್ಕೊಂದು ನಿಘಂಟು ಇಲ್ಲ. ಡಬ್ಬಿಯ ಕಂಪೆನಿಗೆ ಫೋನು ಮಾಡಿದರೆ 1 ಒತ್ತಿದರೆ ಮಲಯಾಳ, 2 ಒತ್ತಿದರೆ ಇಂಗ್ಲಿಷ್, 3 ಒತ್ತಿದರೆ ಹಿಂದಿ. ಕೇರಳದ ನಂಬರು ಎಂದ ಮೇಲೆ ಕನ್ನಡ ಯಾರಿಗೆ ಬೇಕು ಎಂದು ಅವರೇ ತೀರ್ಮಾನಿಸಿದ ಹಾಗಿತ್ತು. ಇದರ ಬಗ್ಗೆ ಬೇರೆಯೇ ಒಂದು ಪತ್ರ ಬರೆಯಬೇಕು, ಇಲ್ಲಿ ಬೇಡ. ಆಫ್ ಮಾಡಿ ಆನ್ ಮಾಡಿ ಎಂದರು, ಮಾಡಿದೆ. ಹಿಂದಿನ ಸಣ್ಣ ತೂತಿಗೆ ಪಿನ್ನು ಒತ್ತಿ ಮೊದಲಿನ ಸ್ಥಿತಿಗೆ ತನ್ನಿ ಎಂದರು, ಅದನ್ನೂ ಮಾಡಿ ಡಬ್ಬಿಯನ್ನು ಎರಡನೇ ಸಲ ನಾಮಕರಣ ಮಾಡಿ ಕೂಡಿಸಿಕೊಳ್ಳಲು ಒಂದು ಸಂಜೆ ಹೋಯಿತು. ಕೊನೆಗೆ ಬದಲಿ ಡಬ್ಬಿ ಕಳಿಸಿದರು. ಡಬ್ಬಿ ಮಾತ್ರ. ಅದೂ ಹತ್ತೂವರೆಗೆ ಹೋಗಿ ಎರಡು ನಿಮಿಷ ಬಿಟ್ಟು ಬಂತು.

ನಿವೃತ್ತಿಯಾಗುವಾಗ ಶಾಲೆಯಲ್ಲಿ ಬರೆಯದೆ ಉಳಿದ ಒಂದು ಹಾಜರಿ ಪುಸ್ತಕವನ್ನು ಮನೆಗೆ ತಂದಿದ್ದೆ. ಯಾಕೆ ತಂದೆನೋ, ಆಸೆ. ಅದರಲ್ಲಿ ಮರಿ ಡಬ್ಬಿಯ ಹಾಜರಿ ತೆಗೆಯಲು ಶುರು ಮಾಡಿದೆ. ಎಷ್ಟು ಹೊತ್ತಿಗೆ ಗೈರು, ದೀಪದ ಬಣ್ಣ ಏನು, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು, ಹೀಗೆ ಮೂರು ಕಲಮು. ಹದಿನೇಳು ದಿನಕ್ಕೆ 41 ಗೈರು. ರಾತ್ರಿ ಒಂದೂ ಇಲ್ಲ. ಆದಿತ್ಯವಾರ ಒಂದೂ ಇಲ್ಲ. ನನಗೆ ಅನುಮಾನ ಇದ್ದದ್ದು ತೋಟದ ಪಂಪಿನ ಮೇಲೆ. ಅದು ಹೊರಡುವಾಗ ಬಲ್ಬು ಮಂಕಾಗುವುದು ನಮಗೆ ಹಳೆಯ ಅಭ್ಯಾಸ. ಆದರೆ ಪಂಪು ಓಡುವ ಬೆಳಿಗ್ಗೆ ಆರರಿಂದ ಎಂಟರ ನಡುವೆ ಡಬ್ಬಿ ಒಂದು ದಿನವೂ ಗೈರಾಗಿರಲಿಲ್ಲ. ಪಂಪು ನಿರಪರಾಧಿ.

ಮತ್ತೆ ನಾನೊಂದು ಪರೀಕ್ಷೆ ಮಾಡಿದೆ. ಊಟದ ಕೋಣೆಯ ಮರಿಯನ್ನು ಇಲ್ಲಿಗೆ, ಸೊಸೆಯ ಕೋಣೆಗೆ, ಇಲ್ಲಿಯದನ್ನು ಅಲ್ಲಿಗೆ ಇಟ್ಟೆ. ಇಲ್ಲಿ ರೋಗ ಬಂದ ಡಬ್ಬಿ ಅಲ್ಲಿ ಆರೋಗ್ಯವಾಗಿತ್ತು, ಅಲ್ಲಿ ಆರೋಗ್ಯವಾಗಿದ್ದದ್ದು ಇಲ್ಲಿ ಬಂದು ಹತ್ತೂವರೆಗೆ ಮಲಗಿತು. ಹಾಗಾದರೆ ತಪ್ಪು ಡಬ್ಬಿಯದ್ದಲ್ಲ, ಕೋಣೆಯದ್ದು. ಸಾಧಿಸಬೇಕಾದದ್ದು ಸಾಧಿಸಲ್ಪಟ್ಟಿತು ಎಂದು ಬರೆದು ಕೆಳಗೆ ಗೆರೆ ಎಳೆದೆ. ಊಟಕ್ಕೆ ಕೂತಾಗ ಎಲ್ಲರಿಗೂ ಆ ಪ್ರಮೇಯವನ್ನು ಬಿಡಿಸಿ ಹೇಳಿದ್ದೂ ಆಯಿತು.

ಎರಡು ದಿನ ಕಳೆದು ನನ್ನ ಹೆಂಡತಿ ಆ ಕೋಣೆಯ ಮೇಜು ಒರಸುತ್ತಾ ಇದ್ದವಳು ಕರೆದಳು. "ನೋಡಿ, ಮೂರೂ ಡಬ್ಬಿ ಬಿಳಿ. ಎರಡರ ವಯರೂ ಬಿಳಿ. ಇದೊಂದರದ್ದು ಯಾಕೆ ಕಪ್ಪು?"

ಡಬ್ಬಿಗಳನ್ನು ಬದಲಾಯಿಸುವಾಗ ನಾನು ಹಿಂದಿನ ಪಿನ್ನು ಕಿತ್ತು ಡಬ್ಬಿ ಮಾತ್ರ ಹೊತ್ತುಕೊಂಡು ಹೋಗಿದ್ದೆ. ಅಡಾಪ್ಟರ್ ಗೋಡೆಯಲ್ಲೇ ಉಳಿದಿತ್ತು. ಈಗ ಅದನ್ನು ಕಿತ್ತೆ. ಅಂಗೈಗೆ ಚುರುಕ್ ಎನ್ನುವಷ್ಟು ಬಿಸಿ. ಕಿಟಕಿಯ ಬಳಿ ಹೋಗಿ, ಕನ್ನಡಕ ಹಣೆಗೇರಿಸಿ, ಮೊಮ್ಮಗನ ಭೂತಗನ್ನಡಿಯಲ್ಲಿ ಅದರ ಹೊಟ್ಟೆಯ ಮೇಲಿನ ಇರುವೆ ಸಾಲಿನಂಥ ಅಕ್ಷರ ಓದಿದೆ. ಔಟ್‌ಪುಟ್ 12 ವೋಲ್ಟ್, 0.5 ಆಂಪಿಯರ್. ಊಟದ ಕೋಣೆಯ ಬಿಳಿ ಅಡಾಪ್ಟರಿನಲ್ಲಿ 12 ವೋಲ್ಟ್, 1.5 ಆಂಪಿಯರ್. ಗುಣಿಸಿದರೆ ಒಂದು 6 ವಾಟ್, ಇನ್ನೊಂದು 18. ಕಪ್ಪು ಅಡಾಪ್ಟರ್ ನಮ್ಮ ಹಳೆಯ ಲ್ಯಾಂಡ್‌ಲೈನ್ ಮೋಡೆಮಿನದ್ದು. ಮೋಡೆಮ್ ಹೋಗಿ ವರ್ಷಗಳಾದರೂ ಅದರ ಅಡಾಪ್ಟರ್ ಮೇಜಿನ ಡ್ರಾದಲ್ಲಿ ಬಿದ್ದಿತ್ತು. ಗುಡುಗಿನ ಸಂಜೆ ಬಿಳಿಯದನ್ನು ಕಿತ್ತು ಅದೇ ಡ್ರಾಕ್ಕೆ ಹಾಕಿದವ ನಾನು, ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನು ತೆಗೆದು ಸಿಕ್ಕಿಸಿದವನೂ ನಾನು. ಪಿನ್ನು ಎರಡರದ್ದೂ ಒಂದೇ ಗಾತ್ರ, ಚಂದಕ್ಕೆ ಒಳಗೆ ಹೋಗುತ್ತದೆ. ದೀಪವೂ ಹತ್ತುತ್ತದೆ. ಡಬ್ಬಿ ಸುಮ್ಮನೆ ಕೂತಿರುವಾಗ 6 ವಾಟ್ ಸಾಕು. ಸೊಸೆಯ ವಿಡಿಯೊ ಮೀಟಿಂಗು ಶುರುವಾಗಿ ಡಬ್ಬಿ ಎರಡೂ ಕಡೆಗೆ ಜೋರಾಗಿ ಮಾತಾಡಬೇಕಾದಾಗ ಕರೆಂಟು ಹೆಚ್ಚು ಬೇಕು. ಅಡಾಪ್ಟರಿಗೆ ಕೊಡಲು ಆಗುವುದಿಲ್ಲ, ವೋಲ್ಟೇಜು ಕುಸಿಯುತ್ತದೆ, ಡಬ್ಬಿ ಪ್ರಜ್ಞೆ ತಪ್ಪಿ ಬೀಳುತ್ತದೆ. ಬಿದ್ದ ಕೂಡಲೇ ಭಾರ ಇಲ್ಲವಾದ್ದರಿಂದ ಪುನಃ ಏಳುತ್ತದೆ. ಹತ್ತೂವರೆ ಮತ್ತು ನಾಲ್ಕು, ಸೊಸೆಯ ಮೀಟಿಂಗಿನ ಹೊತ್ತು. ಆದಿತ್ಯವಾರ ರಜೆ. ಪುಸ್ತಕದಲ್ಲಿ ಎಲ್ಲ ಬರೆದಿತ್ತು, ನಾನು ಓದಿರಲಿಲ್ಲ.

ಡ್ರಾದಿಂದ ಬಿಳಿ ಅಡಾಪ್ಟರ್ ತೆಗೆದು ಹಾಕಿದ ಮೇಲೆ ಹನ್ನೊಂದು ದಿನ ಹಾಜರಿ ಪೂರ್ತಿ. ಇಲ್ಲಿಗೆ ಪತ್ರ ಮುಗಿಯಬೇಕಿತ್ತು.

ಅಷ್ಟರಲ್ಲಿ ಮಳೆಗಾಲ ಸರಿಯಾಗಿ ಕೂತಿತು. ಜೂನ್ ಕೊನೆಗೆ ಡಬ್ಬಿ ಪುನಃ ಗೈರಾಗತೊಡಗಿತು. ಈ ಸಲ ಲಕ್ಷಣ ಬೇರೆ. ರಾತ್ರಿಯೂ ಹೋಗುತ್ತದೆ, ಆದಿತ್ಯವಾರವೂ ಹೋಗುತ್ತದೆ, ಹೋದರೆ ಅರ್ಧ ಗಂಟೆ ಬರುವುದಿಲ್ಲ. ನಾನು ಕುರ್ಚಿ ಹಾಕಿ ಡಬ್ಬಿಯ ಎದುರು ಕೂತೆ. ಮೇ ತಿಂಗಳಲ್ಲಿ ದೀಪ ಒಂದು ಕ್ಷಣ ಪೂರ್ತಿ ಆರಿ, ಆಮೇಲೆ ಹಳದಿ, ಆಮೇಲೆ ಬಿಳಿಯಾಗುತ್ತಿತ್ತು. ಹೊಸದಾಗಿ ಪ್ಲಗ್ ಹಾಕಿದಾಗ ಆಗುವ ಹಾಗೆಯೇ. ಈಗ ಆರುವುದೇ ಇಲ್ಲ, ಬಿಳಿಯಿಂದ ನೇರ ಕೆಂಪು. ಡಬ್ಬಿ ಎದ್ದು ಎಷ್ಟು ಹೊತ್ತಾಯಿತು ಎಂದು ಮೊಬೈಲಿನ ಆ್ಯಪಿನಲ್ಲಿ ಒಂದು ಕಡೆ ಇರುತ್ತದೆ. ನೆಟ್ ಹೋಗಿ ಬಂದ ಮೇಲೆ ನೋಡಿದರೆ ಆರು ದಿನ ಎಂದು ತೋರಿಸುತ್ತಿತ್ತು. ಅಂದರೆ ಡಬ್ಬಿ ಬಿದ್ದಿಲ್ಲ, ಅಮ್ಮನ ದನಿ ಅದಕ್ಕೆ ಕೇಳುತ್ತಿಲ್ಲ. ಬಿದ್ದು ಏಳುವ ಡಬ್ಬಿಗೆ ಮದ್ದು ಕರೆಂಟಿನ ಕಡೆಯಲ್ಲಿ ಹುಡುಕಬೇಕು, ದನಿ ಕೇಳದ ಡಬ್ಬಿಗೆ ದಾರಿಯಲ್ಲಿ. ಫೋನಿನಲ್ಲಿ ನನ್ನೊಂದಿಗೆ ತಾಸುಗಟ್ಟಲೆ ಮಾತಾಡಿದ ಯಾರೂ ದೀಪ ಆರುತ್ತದೋ ಇಲ್ಲವೋ ಎಂದು ಒಂದು ಸಲ ಕೇಳಿದವರಲ್ಲ.

ಆ್ಯಪಿನಲ್ಲಿ ಇನ್ನೊಂದು ಸಂಖ್ಯೆ ಉಂಟು, ಸಿಗ್ನಲಿನ ಬಲದ್ದು. ಋಣ ಸಂಖ್ಯೆಯಲ್ಲಿ ಬರೆಯುತ್ತಾರೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಜೂನ್ ಆರಂಭದ ಬಿಸಿಲಿನ ದಿನ ಪುಸ್ತಕದಲ್ಲಿ ಬರೆದಿಟ್ಟದ್ದು -68. ಜುಲೈಯಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆದ ಮೇಲೆ -81. ವ್ಯತ್ಯಾಸ 13. ಮಗ ಫೋನಿನಲ್ಲಿ ಇದು ಡೆಸಿಬೆಲ್ ಲೆಕ್ಕ ಎಂದ ಕೂಡಲೇ ನನಗೆ ಹಳೆಯ ಲಾಗ್ ಟೇಬಲ್ ಎದುರು ಬಂದು ನಿಂತಿತು. 2ರ ಲಾಗರಿದಮ್ 0.3010, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. 13 ಡೆಸಿಬೆಲನ್ನು ಹತ್ತರಿಂದ ಭಾಗಿಸಿದರೆ 1.3, ಅದು 20ರ ಲಾಗರಿದಮ್, ಅಂದರೆ 20 ಪಟ್ಟು. ಬಿಸಿಲಿನ ದಿನ ಬರುತ್ತಿದ್ದುದರ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಈಗ ಬರುತ್ತಿದೆ.

ಉಳಿದ ಹತ್ತೊಂಬತ್ತು ಪಾಲು ಎಲ್ಲಿ? ಮನೆಯ ಹಳೆಯ ನಕ್ಷೆ ತೆಗೆದು ಚಾವಡಿಯ ಡಬ್ಬಿ ಇರುವಲ್ಲಿಂದ ಸೊಸೆಯ ಮೇಜಿಗೆ ನೂಲು ಹಿಡಿದೆ. ನೂಲು ಚಾವಡಿಯ ಹೊರಗೋಡೆ ದಾಟಿ, ಮೊಣಕೈಯ ಒಳಗಿನ ಅಂಗಳದ ಮೂಲೆ ದಾಟಿ, ಹೊಸ ಕೋಣೆಯ ಹೊರಗೋಡೆಯನ್ನು ಓರೆಯಾಗಿ ಹೊಕ್ಕಿತು. ಎರಡೂ ಸಾರಣೆ ಇಲ್ಲದ ಗೋಡೆ, ಎರಡಕ್ಕೂ ಮಳೆ ನೇರ ಬಡಿಯುತ್ತದೆ. ಗೋಡೆ ದಪ್ಪ 9 ಇಂಚು. ನೂಲು ಎರಡನೆಯದಕ್ಕೆ 30 ಡಿಗ್ರಿ ಓರೆಯಲ್ಲಿ ಹೋಗುತ್ತಿತ್ತು. ಸೈನ್ 30 ಎಂದರೆ ಅರ್ಧ, ಹಾಗಾಗಿ ನೂಲಿಗೆ ಸಿಗುವ ಗೋಡೆ 18 ಇಂಚು. ಒಳಗೆ ಹೊಕ್ಕ ಮೇಲೆ ಅಲೆ ಸ್ವಲ್ಪ ಬಾಗುತ್ತದೆ ಎಂದು ಭೌತಶಾಸ್ತ್ರದ ಮಾಸ್ತರರು ತಕರಾರು ತೆಗೆದಾರು. ಇರಲಿ.

ಮುರಕಲ್ಲು ನೀರು ಹಿಡಿದಿಡುವ ಸಂಗತಿ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಯಾರಿನ ಕಡೆಗೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದೊಳಗೆ ಬೇಸಗೆಯಲ್ಲೂ ಕಲ್ಲಿನಿಂದ ನೀರು ಜಿನುಗುವುದನ್ನು ನೋಡಿದ್ದೇವೆ, ಕುಡಿದಿದ್ದೇವೆ. ಲ್ಯಾಟರೈಟ್ ಎಂಬ ಹೆಸರನ್ನು ಈ ಕಲ್ಲಿಗೆ ಕೊಟ್ಟವ ಫ್ರಾನ್ಸಿಸ್ ಬುಕಾನನ್. ಮಲಪ್ಪುರಂ ಕಡೆಯ ಅಂಗಾಡಿಪುರಂನಲ್ಲಿ ನೋಡಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಬರಹದಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹೆಸರು ಕಟ್ಟಿದ. ಇಟ್ಟಿಗೆ ಹೌದು, ಆದರೆ ಮೈಯೆಲ್ಲ ತೂತಿನ ಇಟ್ಟಿಗೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಬಹುಪಾಲು ಜೂನಿನಿಂದ ಸಪ್ಟೆಂಬರ್ ಒಳಗೆ. ನೀರು ವೈ-ಫೈಯ ಅಲೆಗಳನ್ನು ಕುಡಿಯುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದು 2.45 ಗಿಗಾಹರ್ಟ್ಸಿನಲ್ಲಿ, ವೈ-ಫೈಯ ಒಂದು ಪಟ್ಟಿ ಇರುವುದೂ ಅಲ್ಲೇ. ಇನ್ನೊಂದು ಪಟ್ಟಿ 5 ಗಿಗಾಹರ್ಟ್ಸಿನದ್ದು, ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಡಿಮೆ. ನಮ್ಮ ಡಬ್ಬಿಗಳು ತಮ್ಮೊಳಗೆ ಮಾತಾಡಲು ಆರಿಸಿಕೊಂಡದ್ದು ಅದನ್ನೇ.

ಮಗನ ಸಲಹೆಯಂತೆ ಚಾನೆಲ್, ಅಂದರೆ ಆ ಪಟ್ಟಿಯೊಳಗಿನ ಒಂದೊಂದು ಸೀಳು, ಬದಲಾಯಿಸಿ ನೋಡಿದೆವು. 5 ಗಿಗಾಹರ್ಟ್ಸಿನಲ್ಲಿ 52ರಿಂದ 144ರ ತನಕದ ಚಾನೆಲ್ಲುಗಳಲ್ಲಿ ರಾಡಾರಿಗೇ ಮೊದಲ ಮಣೆಯಂತೆ. ರಾಡಾರಿನ ಗುರುತು ಕಂಡಿತೆಂದಾದರೆ ಡಬ್ಬಿ ಆ ಚಾನೆಲ್ ಬಿಟ್ಟುಕೊಟ್ಟು ಅರ್ಧ ಗಂಟೆ ಅತ್ತ ಸುಳಿಯಬಾರದು. ಕೆಲವರ ಮನೆಯಲ್ಲಿ ಅದೇ ಕಾರಣ ಇರಬಹುದು. ನಾವು 36ಕ್ಕೆ ಕಟ್ಟಿಹಾಕಿದೆವು, ಗುಣ ಕಾಣಲಿಲ್ಲ. ಮರಿಯನ್ನು ತಂದು ನಡುದಾರಿಯಲ್ಲಿ ಸ್ಟೂಲಿನ ಮೇಲೆ ಇಟ್ಟರೆ ಡಬ್ಬಿ ಸುಖವಾಗಿತ್ತು, ಸೊಸೆಗೆ ನೆಟ್ ಇಲ್ಲ.

ಉಳಿದದ್ದು ಒಂದೇ ದಾರಿ, ಅಮ್ಮನಿಂದ ಮರಿಗೆ ಕೇಬಲ್ ಎಳೆಯುವುದು. ಆಗ ಡಬ್ಬಿಗಳ ನಡುವಿನ ಮಾತು ಗಾಳಿಯಲ್ಲಿ ಹೋಗುವುದೇ ಇಲ್ಲ. ಇಂಥ ಕೇಬಲ್ 100 ಮೀಟರ್ ತನಕ ಎಳೆಯಬಹುದು, ನಮಗೆ ಬೇಕಾದದ್ದು 24. ಕೆಲಸ ಅರ್ಧ ದಿನದ್ದು. ಆದರೆ ಗೋಡೆಯೊಳಗೆ ಕರೆಂಟಿನ ವಯರಿನ ಪೈಪು ಬಿಟ್ಟರೆ ಬೇರೆ ಪೈಪು ಇಲ್ಲ, ಅದರಲ್ಲಿ ಇದನ್ನು ತುರುಕಬಾರದು. ಅಂಗಳದ ಮೇಲೆ ಅಡ್ಡ ಎಳೆಯುವ ಎಂದರೆ ಸಿಡಿಲಿನ ಊರು, ತಾಮ್ರದ ತಂತಿಯನ್ನು ಬಯಲಿಗೆ ಬಿಟ್ಟರೆ ಮೂರು ಡಬ್ಬಿಯೂ ಒಟ್ಟಿಗೆ ಹೋದೀತು. ಚಾವಡಿಯಿಂದ ಊಟದ ಕೋಣೆ, ಅಲ್ಲಿಂದ ಹಳೆಯ ಪಡುಗೋಡೆ ಕೊರೆದು ಓಣಿಗೆ, ಓಣಿಯಿಂದ ಕೋಣೆಗೆ. ಕಟ್ಟಿ 14 ವರ್ಷ ಆದ ಮೇಲೆ ಗೋಡೆ ಕೊರೆಯುವ ಭಾಗ್ಯ.

ವಯರಿಂಗಿನ ಹುಡುಗ ಉದ್ದದ ಬಿಟ್ ತಂದಿದ್ದ. ಒಳಗಿನಿಂದ ಕೊರೆಯಲು ಶುರು ಮಾಡಿದ. ಮೊದಲು ಬಂದದ್ದು ಸಿಮೆಂಟಿನ ಬೂದು ಹುಡಿ. ಆಮೇಲೆ ಮೆಣಸಿನ ಹುಡಿಯಂಥ ಕೆಂಪು ಧೂಳು. ನೆಲಕ್ಕೆ ಹಾಸಿದ ನಿಮ್ಮದೇ ಪತ್ರಿಕೆಯ ಮೇಲೆ ಉದುರಿ ರಾಶಿಯಾಯಿತು. ಆರೇಳು ಇಂಚು ಒಳಗೆ ಹೋದ ಮೇಲೆ ಧೂಳು ಉದುರುವುದು ನಿಂತಿತು. ಡ್ರಿಲ್ಲಿನ ಸದ್ದು ದಪ್ಪವಾಯಿತು. ಹುಡುಗ ಬಿಟ್ಟನ್ನು ಹೊರಗೆಳೆದ. ಅದರ ಸುರುಳಿಯ ತುಂಬ ಕಾವಿ ಬಣ್ಣದ ಕೆಸರು, ಗಣಪತಿ ಮಾಡಲು ಕಲಸಿದ ಮಣ್ಣಿನ ಹದಕ್ಕೆ. ಬೆರಳಲ್ಲಿ ತೆಗೆದು ಅಂಗೈಯಲ್ಲಿ ಉಂಡೆ ಮಾಡಿ ನೋಡಿದೆ. ಮುರಿಯದೆ ನಿಂತಿತು. ಮೂರು ದಿನದಿಂದ ಹೊರಗೆ ಮಳೆಯೇ ಇರಲಿಲ್ಲ. ನನ್ನ ಹತ್ತೊಂಬತ್ತು ಪಾಲು ಆ ಉಂಡೆಯಲ್ಲಿತ್ತು.

ಆಗಸ್ಟ್ 9ಕ್ಕೆ ಕೇಬಲ್ ಸೇರಿಸಿದೆವು. ಅಂದಿನಿಂದ ಹಾಜರಿ ಪುಸ್ತಕದಲ್ಲಿ ಗೈರು ಇಲ್ಲ. ಗುಡುಗಿದಾಗ ಈಗಲೂ ಪ್ಲಗ್ ಕೀಳುತ್ತೇನೆ, ಕೇಬಲಿನ ಎರಡು ತುದಿಯನ್ನೂ ಕೀಳುತ್ತೇನೆ, ಮತ್ತೆ ಪ್ರತಿ ಅಡಾಪ್ಟರಿಗೂ ಬಿಳಿ ಪ್ಲಾಸ್ಟರು ಅಂಟಿಸಿ ಅದು ಯಾವುದರದ್ದೆಂದು ಕನ್ನಡದಲ್ಲಿ ಬರೆದಿದ್ದೇನೆ.

ಇನ್ನು ಪೈಪು. ಈಗ ಮನೆ ಕಟ್ಟುತ್ತಿರುವವರು ಸಾರಣೆಗೆ ಮೊದಲು ಫೈಬರ್ ಬಂದು ಇಳಿಯುವ ಜಾಗದಿಂದ ಮನೆಯ ನಡುವಿಗೆ, ಅಲ್ಲಿಂದ ದೂರದ ಕೋಣೆಗೆ, ಮಾಳಿಗೆ ಇದ್ದರೆ ಮಾಳಿಗೆಗೆ, 25 ಮಿಲಿಮೀಟರಿನ ಪಿವಿಸಿ ಪೈಪು ಹಾಕಿಸಿ. ಕರೆಂಟಿನ ಪೈಪಿನ ಪಕ್ಕಕ್ಕೇ ಬೇಡ, ಸ್ವಲ್ಪ ದೂರ ಇರಲಿ. ಮೂಲೆಯಲ್ಲಿ ಎಲ್ಬೋ ಹಾಕಲು ಬಿಡಬೇಡಿ, ಕೇಬಲ್ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಉದ್ದನೆಯ ಬೆಂಡ್ ಬೇಕು. ಒಳಗೆ ಒಂದು ನೈಲಾನ್ ಹಗ್ಗ ಬಿಡಿ, ನಾಳೆ ಅದಕ್ಕೆ ಕಟ್ಟಿ ಏನು ಬೇಕಾದರೂ ಎಳೆಯಬಹುದು. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದು ಎಂದು ಕೇಳಿಯೇ ತೆಗೆದುಕೊಳ್ಳಿ. ಅಲ್ಯುಮಿನಿಯಮ್ಮಿಗೆ ತಾಮ್ರ ಬಳಿದದ್ದೂ ಅದೇ ಬಣ್ಣದಲ್ಲಿ ಅಂಗಡಿಯಲ್ಲಿ ಸಿಗುತ್ತದೆ, ರೇಟು ಕಡಿಮೆ. ಅಡಿಕೆ ಕೋಣೆಗೋ ಕೊಟ್ಟಿಗೆಗೋ ಅಂಗಳ ದಾಟಿ ನೆಟ್ ಬೇಕೆಂದಾದರೆ ತಾಮ್ರ ಬೇಡ, ಫೈಬರನ್ನೇ ಹಾಕಿ. ಗಾಜಿನಲ್ಲಿ ಸಿಡಿಲು ಹರಿದು ಬರುವುದಿಲ್ಲ.

ಕಳೆದ ವಾರ ಪಕ್ಕದ ತೋಟದವರ ಹೊಸ ಮನೆಗೆ ಹೋಗಿದ್ದೆ. ಗೋಡೆ ಎದ್ದಿದೆ, ಸಾರಣೆ ಆಗಿಲ್ಲ. ನಮ್ಮಲ್ಲಿ ಗೋಡೆ ಕೊರೆದ ಹುಡುಗನೇ ಅಲ್ಲೂ ಇದ್ದ. ಚಾವಡಿಯಿಂದ ಮೇಲಿನ ಕೋಣೆಗೆ ಒಂದು ಪೈಪು ಕೂಡಿಸು ಎಂದೆ. "ಯಾವ ವಯರ್ ಮಾಷೆ?" ಎಂದ. ಯಾವುದೂ ಇಲ್ಲ, ಖಾಲಿ ಎಂದೆ. ನನ್ನ ಮುಖ ನೋಡಿದ, ಮತ್ತೆ ನಕ್ಕು ಗೋಡೆ ಕಡಿಯಲು ಹೊರಟ. ಎರಡು ತುದಿಗೂ ಬಟ್ಟೆ ತುರುಕಿಸಿ ಬಂದಿದ್ದೇನೆ. ಇಲ್ಲದಿದ್ದರೆ ಕುಂಬಾರ ಹುಳ ಒಂದೇ ವಾರದಲ್ಲಿ ಮಣ್ಣು ಮೆತ್ತಿ ಮುಚ್ಚುತ್ತದೆ.

ಇತಿ,
ನಿವೃತ್ತ ಗಣಿತ ಮಾಸ್ತರ
ಬದಿಯಡ್ಕ, ಕಾಸರಗೋಡು ಜಿಲ್ಲೆ

ತಾ.ಕ.: ಲಕೋಟೆಯ ಹಿಂದೆ ಹೆಸರು, ವಿಳಾಸ ಇದೆ, ದಯವಿಟ್ಟು ಅಚ್ಚು ಹಾಕಬೇಡಿ. ಹಳೆ ವಿದ್ಯಾರ್ಥಿಗಳು ತುಂಬ ಜನ ನಿಮ್ಮ ಪತ್ರಿಕೆ ಓದುತ್ತಾರೆ. ಪ್ರಶ್ನೆಯನ್ನು ಎರಡು ಸಲ ಓದದೆ ಉತ್ತರ ಬರೆದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.